ಉಟ್ರೆಕ್ಟಿನ ಕೆಳಬೀದಿ

ಕೇಳುಗರಿಗೆ ನಮಸ್ಕಾರ.

ನೆದರ್ಲೆಂಡ್ಸಿಗೆ ಹೋಗಿಬಂದವರು ಆಮ್ಸ್ಟರ್‌ಡ್ಯಾಮಿನ ಕಾಲುವೆಗಳ ಬಗ್ಗೆ ಹೇಳದೆ ಬಿಡುವುದಿಲ್ಲ. ಮಗಳ ಮನೆಗೆ ಹೋಗಿದ್ದ ನಾನೂ ಮೊದಲ ವಾರ ಅಲ್ಲೇ ಸುತ್ತಿದೆ. ಏಪ್ರಿಲ್ ತಿಂಗಳ ಒಂದು ಶನಿವಾರ ಮಗಳು, "ಅಮ್ಮಾ, ಇವತ್ತು ಉಟ್ರೆಕ್ಟಿಗೆ ಹೋಗೋಣ. ಊರು ತೋರಿಸೋದಕ್ಕೆ ಒಬ್ಬರು ಬರ್ತಾರೆ" ಅಂದಳು. ರೈಲಿನಲ್ಲಿ ಅರ್ಧ ಗಂಟೆಯ ದಾರಿ.

ನಮ್ಮ ಗೈಡ್ ಎಪ್ಪತ್ತರ ಆಸುಪಾಸಿನ ಹೆಂಗಸು, ಅಲ್ಲೇ ಹುಟ್ಟಿ ಬೆಳೆದವರು. ಊರಿನ ದೊಡ್ಡ ಗೋಪುರವನ್ನು ಮೊದಲು ತೋರಿಸುತ್ತಾರೆ ಎಂದುಕೊಂಡಿದ್ದೆ. ಅವರು ಬೀದಿಯ ಅಂಚಿನಲ್ಲಿದ್ದ ಕಲ್ಲಿನ ಮೆಟ್ಟಿಲು ಇಳಿಸಿ ನೀರಿನ ಪಕ್ಕಕ್ಕೆ ಕರೆದುಕೊಂಡು ಹೋದರು. ಅದು ಔಡೆಗ್ರಾಖ್ಟ್, ಅಂದರೆ ಹಳೆ ಕಾಲುವೆ. ಅಂಗಡಿ, ಸೈಕಲ್ಲು, ಜನ ಎಲ್ಲ ಮೇಲಿನ ಬೀದಿಯಲ್ಲಿ. ಒಂದು ಅಂತಸ್ತು ಕೆಳಗೆ, ನೀರಿಗೆ ತಾಗಿಕೊಂಡು ಇನ್ನೊಂದು ಬೀದಿ. ಅದರ ಗೋಡೆಯುದ್ದಕ್ಕೂ ಕಮಾನು ಬಾಗಿಲುಗಳು. ಒಳಗೆ ಇಟ್ಟಿಗೆಯ ನೆಲಮಾಳಿಗೆಗಳು.

ಇದು ಹೇಗಾಯಿತೆಂದರೆ, 1122ರ ಸುಮಾರಿಗೆ ರೈನ್ ನದಿಯ ಕವಲಿಗೆ ಮೇಲ್ಗಡೆ ಒಡ್ಡು ಹಾಕಿದರು. ಊರಿಗೆ ದೋಣಿ ಬರುವ ದಾರಿ ಮುಚ್ಚಿಹೋಯಿತು. ದೋಣಿ ಬಾರದಿದ್ದರೆ ವ್ಯಾಪಾರ ಎಲ್ಲಿಂದ? ಜನ ಕಾಲುವೆ ತೋಡಿದರು. ನೀರು ತಗ್ಗಿನಲ್ಲಿ, ಮನೆಗಳು ಎತ್ತರದಲ್ಲಿ. ಹಾಗಾಗಿ ವರ್ತಕರು ಮನೆಯ ಬುಡದಿಂದ ಬೀದಿಯ ಅಡಿಗೇ ಕೊರೆದುಕೊಂಡು ಬಂದು ದಡಕ್ಕೆ ಬಾಗಿಲು ತೆರೆದರು. ದೋಣಿಯಿಂದ ಇಳಿದ ಪೀಪಾಯಿಗಳು ನೆಟ್ಟಗೆ ಒಳಗೆ. ಕಾಲುವೆಗಳಿರುವ ಊರು ಆ ದೇಶದಲ್ಲಿ ಬೇಕಾದಷ್ಟಿವೆ. ಆದರೆ ಇಷ್ಟುದ್ದದ ಕೆಳಬೀದಿ, ಇಷ್ಟೊಂದು ನೆಲಮಾಳಿಗೆ ಇರುವುದು ಇಲ್ಲಿ ಮಾತ್ರ. ಈಗ ಅವುಗಳಲ್ಲಿ ಹೋಟೆಲುಗಳಿವೆ. ಬಿಯರ್ ಪೀಪಾಯಿ ಮಾತ್ರ ಇವತ್ತಿಗೂ ದೋಣಿಯಲ್ಲೇ ಬರುತ್ತದೆ. ಅದು ವಿದ್ಯುತ್ ದೋಣಿ, ಸದ್ದೇ ಇಲ್ಲ. ನಾನು ಒಂದು ಗೋಡೆಗೆ ಅಂಗೈ ಇಟ್ಟು ನೋಡಿದೆ. ಇಟ್ಟಿಗೆ ತಣ್ಣಗೆ, ತೇವವಾಗಿತ್ತು. ಸಂದುಗಳಲ್ಲಿ ಪುಟ್ಟ ಜರೀಗಿಡಗಳು ಎಲೆ ಬಿಚ್ಚುತ್ತಿದ್ದವು.

ಆಮೇಲೆ ಡೋಮ್ ಗೋಪುರಕ್ಕೆ, ಅಂದರೆ ಊರಿನ ದೊಡ್ಡ ಚರ್ಚಿನ ಗೋಪುರಕ್ಕೆ ಹೋದೆವು. 112 ಮೀಟರ್ ಎತ್ತರ. 1321ರಲ್ಲಿ ಶುರುವಾಗಿ 1382ರಲ್ಲಿ ಮುಗಿಯಿತಂತೆ. 465 ಮೆಟ್ಟಿಲುಗಳು. ನನ್ನ ಮಂಡಿ ಒಪ್ಪಲಿಲ್ಲ, ಮಗಳು ಹತ್ತಿಬಂದಳು. ಗೋಪುರ ಒಂದು ಕಡೆ, ಚರ್ಚು ಇನ್ನೊಂದು ಕಡೆ, ನಡುವೆ ಬಯಲು. 1674ರ ಆಗಸ್ಟ್ 1ರಂದು ಬೀಸಿದ ಬಿರುಗಾಳಿಗೆ ಚರ್ಚಿನ ನಡುಭಾಗ ಕುಸಿದುಬಿತ್ತು. ಮತ್ತೆ ಕಟ್ಟಲೇ ಇಲ್ಲ.

ಗೈಡ್ ಅವರ ದನಿ ಬದಲಾದದ್ದು ಊರಿನ ಸುತ್ತಲ ಕಂದಕದ ಹತ್ತಿರ. 1970ರ ದಶಕದಲ್ಲಿ ಅದರ ಒಂದು ಭಾಗದ ನೀರು ಬತ್ತಿಸಿ ಅಲ್ಲಿ ಹೆದ್ದಾರಿ ಮಾಡಿದರು. "ನನ್ನ ಯೌವನವೆಲ್ಲ ಈ ಕಾರುಗಳ ಸದ್ದಿನಲ್ಲೇ ಹೋಯಿತು" ಅಂದರು. 2002ರಲ್ಲಿ ಊರಿನವರೇ ಮತ ಹಾಕಿ ನೀರು ವಾಪಸ್ ಬರಲಿ ಎಂದರು. ರಸ್ತೆ ಅಗೆದು ತೆಗೆದು, 2020ರ ಸೆಪ್ಟೆಂಬರಿನಲ್ಲಿ ಕಂದಕ ಮತ್ತೆ ಪೂರ್ತಿ ಸುತ್ತು ಬಂತು. ಒಮ್ಮೆ ಮುಚ್ಚಿದ ನೀರನ್ನು ಊರೊಂದು ಹೀಗೆ ಕೇಳಿ ಪಡೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾವು ನಿಂತಿದ್ದಾಗ ಇಬ್ಬರು ಹುಡುಗರು ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋದರು. ಅವರು ಕಣ್ಮರೆಯಾಗುವವರೆಗೂ ಆಕೆ ನೋಡುತ್ತಲೇ ಇದ್ದರು.

ಮೀನಿನ ಗಂಟೆಯ ವಿಷಯ ಹೇಳಲೇಬೇಕು. ಕಾಲುವೆಯ ಉತ್ತರದ ತುದಿಯಲ್ಲಿ ವೇರ್ಡ್‌ಸ್ಲೌಸ್ ಎಂಬ ಬಾಗಿಲುಕಟ್ಟೆ ಇದೆ. ವಸಂತದಲ್ಲಿ ಮೀನುಗಳು ಮೊಟ್ಟೆಯಿಡಲು ಹೊರಟಾಗ ಆ ಬಾಗಿಲು ಹೆಚ್ಚಾಗಿ ಮುಚ್ಚಿರುತ್ತದೆ. 2021ರಿಂದ ನೀರಿನೊಳಗೆ ಕ್ಯಾಮೆರಾ ಇಟ್ಟಿದ್ದಾರೆ. ಪ್ರಪಂಚದ ಯಾವ ಮೂಲೆಯಲ್ಲಿ ಕೂತವರಾದರೂ ಇಂಟರ್‌ನೆಟ್ಟಿನಲ್ಲಿ ಅದನ್ನು ನೋಡುತ್ತಾ, ಮೀನು ಬಂದು ಕಾಯುತ್ತಿದ್ದರೆ ಗಂಟೆ ಒತ್ತಬಹುದು. ಕಟ್ಟೆ ಕಾಯುವವರು ಬಂದು ಬಾಗಿಲು ತೆಗೆಯುತ್ತಾರೆ. ಮಗಳು ಅಲ್ಲೇ ಫೋನ್ ತೆಗೆದು ಕಾದಳು. ಹಸಿರುಗಪ್ಪು ನೀರು, ತೇಲುವ ಕಸಕಡ್ಡಿ, ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೆಳ್ಳಗಿನ ಒಂದು ಹೊಟ್ಟೆ ಗಾಜಿನ ಮುಂದೆ ಬಂದು ನಿಂತಿತು. "ಅಮ್ಮಾ, ನೀನೇ ಒತ್ತು" ಅಂದಳು. ಒತ್ತಿದೆ. ಯಾರದೋ ಮನೆ ಬಾಗಿಲಲ್ಲಿ ನಿಂತವರ ಪರವಾಗಿ ನಾನು ಕದ ತಟ್ಟಿದ ಹಾಗೆ ಅನ್ನಿಸಿತು.

ಇದಕ್ಕೂ ಮೊದಲು, ಮಧ್ಯಾಹ್ನ ಒಂದು ಗಂಟೆಗೆ, ಗೈಡ್ ನಮ್ಮನ್ನು ಹಳೆ ಕಾಲುವೆಯ ಮೇಲಿನ ಬೀದಿಯಲ್ಲಿ ಒಂದು ಜಾಗದಲ್ಲಿ ನಿಲ್ಲಿಸಿದ್ದರು. ಅಲ್ಲಿ ನೆಲದಲ್ಲೊಂದು ಕವಿತೆ ಬೆಳೆಯುತ್ತಿದೆ, ಒಂದು ಕಲ್ಲಿಗೆ ಒಂದೇ ಅಕ್ಷರ. ಪ್ರತಿ ಶನಿವಾರ ಕಲ್ಲುಕುಟಿಗರೊಬ್ಬರು ಬಂದು ಒಂದು ಅಕ್ಷರ ಕೆತ್ತುತ್ತಾರೆ. 2012ರಲ್ಲಿ ಶುರುವಾದ ಕೆಲಸ ಇದು. ಒಬ್ಬ ಕವಿಯ ಸರದಿ ಮುಗಿದರೆ ಇನ್ನೊಬ್ಬ ಕವಿ. ಕವಿತೆಗೆ ಕೊನೆಯೆಂದು ಇಟ್ಟಿಲ್ಲ. ಕಲ್ಲುಕುಟಿಗ ಮಂಡಿಯೂರಿ ಕೂತು ಉಳಿ ಹಿಡಿದು ಮೆಲ್ಲಗೆ ಸುತ್ತಿಗೆ ಹಾಕುತ್ತಿದ್ದ. ಬಿಳಿ ಪುಡಿ ಎದ್ದಾಗಲೆಲ್ಲ ಬಾಯಿಂದ ಉಫ್ ಎಂದು ಊದುತ್ತಿದ್ದ. "ಇದು ಯಾವ ಪದದ ಅಕ್ಷರ?" ಎಂದು ಕೇಳಿದೆ.

ಗೈಡ್ ನಕ್ಕರು. "ಮುಂದಿನ ಶನಿವಾರ ಬನ್ನಿ, ಇನ್ನೊಂದು ಅಕ್ಷರ ಗೊತ್ತಾಗುತ್ತೆ" ಅಂದರು.

ನಮಸ್ಕಾರ.