ಹಳೆ ಬೈಕಿಗೆ ಡಿಸ್ಕ್ ಹಾಕಿಸಿ, ಆದರೆ ಫೋರ್ಕಿಗೆ ವೆಲ್ಡಿಂಗ್ ಬೇಡ

ನನ್ನ ಹಳೆ ಬೈಕಿನ ಮುಂದಿನ ಬ್ರೇಕ್ ಒಂದು ಸಲ ನನ್ನನ್ನು ನಿಜವಾಗಿಯೂ ಹೆದರಿಸಿತು. ಉದ್ದದ ಇಳಿಜಾರು. ಮೊದಲ ಎರಡು ತಿರುವಿನಲ್ಲಿ ಡ್ರಮ್ ಚೆನ್ನಾಗಿಯೇ ಹಿಡಿಯಿತು. ಮೂರನೆಯದರಲ್ಲಿ ಲಿವರ್ ಮೆತ್ತಗಾಯಿತು. ಐದನೇ ತಿರುವಿಗೆ ಬರುವಷ್ಟರಲ್ಲಿ ಲಿವರ್ ಹ್ಯಾಂಡಲ್‌ಗೇ ತಾಗುತ್ತಿತ್ತು, ಬೈಕು ಮಾತ್ರ ನಿಲ್ಲುತ್ತಿರಲಿಲ್ಲ. ಗೇರ್ ಇಳಿಸಿ, ಹಿಂದಿನ ಬ್ರೇಕ್ ತುಳಿದು ಹೇಗೋ ನಿಲ್ಲಿಸಿದೆ. ಚಕ್ರದ ನಡುವಿನ ಹಬ್ ಹತ್ತಿರ ಕೈ ಒಯ್ದರೆ, ಮುಟ್ಟುವ ಮೊದಲೇ ಬಿಸಿ ತಾಗಿತು.

ಆಗಿದ್ದು ಇಷ್ಟೇ. ಡ್ರಮ್ ಅಂದರೆ ಚಕ್ರದ ನಡುವಿನ ಡಬ್ಬಿಯಂಥ ಭಾಗ, ಅದರ ಒಳಮೈಗೆ ಶೂ ಅನ್ನುವ ಎರಡು ಬಾಗಿದ ತುಂಡುಗಳು ಒತ್ತಿ ಚಕ್ರವನ್ನು ನಿಲ್ಲಿಸುತ್ತವೆ. ಡ್ರಮ್ ಕಾದಾಗ ಹಿಗ್ಗುತ್ತದೆ, ಹಿಗ್ಗಿ ಶೂಗಳಿಂದ ದೂರ ಹೋಗುತ್ತದೆ. ಅದಕ್ಕೇ ಲಿವರ್ ಜಾಸ್ತಿ ದೂರ ಎಳೆಯಬೇಕಾಗುತ್ತದೆ. ಜೊತೆಗೆ ಕಾದ ಲೈನರ್ (ಶೂ ಮೇಲಿನ ಉಜ್ಜುವ ಪದರ) ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ಹಾಗಲ್ಲ. ಅದು ಕಾದು ದಪ್ಪವಾದರೆ, ಅದನ್ನು ಎರಡೂ ಕಡೆಯಿಂದ ಒತ್ತುವ ಪ್ಯಾಡ್‌ಗಳ ಕಡೆಗೇ ಬರುತ್ತದೆ. ಗಾಳಿಗೆ ತೆರೆದುಕೊಂಡೇ ಇರುವುದರಿಂದ ಬೇಗ ತಣ್ಣಗೂ ಆಗುತ್ತದೆ.

ಅವತ್ತೇ ಡಿಸ್ಕ್ ಹಾಕಿಸಿಬಿಡೋಣ ಅನ್ನಿಸಿತು. ಆದರೆ ಮೊದಲು ಚಕ್ರ ಬಿಚ್ಚಿ ನೋಡಿದೆ. ನೀವೂ ಅದನ್ನೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಯಾಕೆಂದರೆ ನಾವು ಬೈಯುವ ಡ್ರಮ್ ಬ್ರೇಕುಗಳಲ್ಲಿ ಬಹಳಷ್ಟು ಅದರ ಪೂರ್ತಿ ಶಕ್ತಿಯಲ್ಲಿ ಕೆಲಸವನ್ನೇ ಮಾಡುತ್ತಿರುವುದಿಲ್ಲ. ನನ್ನದರಲ್ಲಿ ಲೈನರ್ ನಡುವೆ ಮಾತ್ರ ತಾಗುತ್ತಿತ್ತು. ಎರಡೂ ತುದಿ ಹೊಸದರ ಹಾಗೇ ಇದ್ದವು. ಮೇಲ್ಮೈ ಗಾಜಿನ ಥರ ಹೊಳೆಯುತ್ತಿತ್ತು. ಕೇಬಲ್ ಹಳತಾಗಿ, ಲಿವರ್ ಎಳೆದ ಅರ್ಧ ಶಕ್ತಿ ಅದರ ಹೊರಕವಚ ಕುಗ್ಗುವುದರಲ್ಲೇ ಮುಗಿದುಹೋಗುತ್ತಿತ್ತು.

ಹೀಗಿರುವಾಗ ಶೂಗಳನ್ನು ಡ್ರಮ್ಮಿನ ಅಳತೆಗೆ ಸರಿಯಾಗಿ ದುಂಡಗೆ ಉಜ್ಜಿಸಬೇಕು. ಡ್ರಮ್ ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಲೇತ್‌ನಲ್ಲಿ ಒಳಮೈಯನ್ನು ಒಂಚೂರು ಕಡಿಸಬೇಕು. ಅದನ್ನು ಸ್ಪೋಕ್ ಕಡ್ಡಿಗಳನ್ನು ಬಿಗಿದ ಮೇಲೆ, ಚಕ್ರ ಸಮೇತ ಮಾಡಿಸಿ. ಕಡ್ಡಿಗಳ ಎಳೆತಕ್ಕೇ ಡ್ರಮ್ ಸ್ವಲ್ಪ ಆಕಾರ ಬದಲಿಸುತ್ತದೆ. ಬ್ರೇಕ್ ಹಿಡಿದಾಗ ಕೇಬಲ್ಲೂ ಹಬ್‌ನ ಮೇಲಿರುವ ಪುಟ್ಟ ತೋಳೂ ಹೆಚ್ಚುಕಮ್ಮಿ 90 ಡಿಗ್ರಿಯಲ್ಲಿರಬೇಕು. ಕೊನೆಗೆ ಆಕ್ಸಲ್ ನಟ್ ಸಡಿಲ ಮಾಡಿ, ಚಕ್ರ ತಿರುಗಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿದುಕೊಂಡೇ ನಟ್ ಬಿಗಿಯಿರಿ. ಶೂಗಳು ತಾವಾಗಿಯೇ ನಡುವಿಗೆ ಬರುತ್ತವೆ. ಇಷ್ಟಕ್ಕೇ ಬ್ರೇಕು ಬೇರೆಯದೇ ಅನ್ನಿಸಬಹುದು. ಒಂದು ಎಚ್ಚರಿಕೆ: ಹಳೆಯ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಎರಡೂ ಶೂ ಲೀಡಿಂಗ್ ಆಗಿರುವ ಡ್ರಮ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಡ್ರಮ್ ತಿರುಗುವ ರಭಸವೇ ಶೂಗಳನ್ನು ತನ್ನ ಕಡೆಗೆ ಇನ್ನಷ್ಟು ಎಳೆದುಕೊಳ್ಳುತ್ತದೆ. ಹಿಡಿತ ಜೋರು. ಬೈಕು ಏರಿನಲ್ಲಿ ಹಿಂದಕ್ಕೆ ಜಾರಿದರೆ ಮಾತ್ರ ಅದೇ ಬ್ರೇಕ್ ಸಪ್ಪೆ.

ನಾನು ಇದೆಲ್ಲ ಮಾಡಿದೆ. ಮೊದಲ ಬ್ರೇಕು ಅದ್ಭುತವಾಯಿತು. ಎರಡನೆಯದೂ ಪರವಾಗಿಲ್ಲ. ಇಳಿಜಾರಿನ ನಾಲ್ಕನೆಯದು, ಐದನೆಯದು? ಬಿಸಿಯ ಸಮಸ್ಯೆ ಕಮ್ಮಿಯಾಯಿತು, ಹೋಗಲಿಲ್ಲ. 1969ರಲ್ಲಿ ಹೋಂಡಾ ಸಿಬಿ750 ಮುಂದೆ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಹಿಡಿಯುವ) ಡಿಸ್ಕ್ ಹಾಕಿಕೊಂಡು ಬಂದಿದ್ದು ಸುಮ್ನೆ ಅಲ್ಲ. ಅಷ್ಟು ವೇಗದ, ಅಷ್ಟು ಭಾರದ ಬೈಕನ್ನು ಮತ್ತೆ ಮತ್ತೆ ನಿಲ್ಲಿಸಬೇಕಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇದು. ಖಾಲಿ ರಸ್ತೆಯಲ್ಲಿ ಅಪರೂಪಕ್ಕೆ ಓಡಿಸುವ ಬೈಕಾದರೆ, ಸರಿಮಾಡಿದ ಡ್ರಮ್ ಸಾಕು. ದಿನಾ ಗಾಡಿಗಳ ನಡುವೆ ಓಡಿಸುತ್ತೀರಾ? ಮುಂದಿನ ಕಾರು ಥಟ್ಟನೆ ನಿಲ್ಲುತ್ತದೆ. ನೀವೂ ನಿಲ್ಲಲೇಬೇಕು, ಅಲ್ವಾ? ಆಗ ಡಿಸ್ಕ್ ಹಾಕಿಸಿ. ಬೈಕಿನ ಅಸಲಿತನ ಹೋಯಿತು ಅಂತ ಯಾರಾದರೂ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಓಡಿಸುವವರು ನೀವು.

ಆದರೆ ಮುಂದಿನ ಚಕ್ರವನ್ನು ಹಿಡಿದಿರುವ ಹಳೆ ಫೋರ್ಕಿನ ಕಾಲಿಗೆ ತುಂಡು ಲೋಹ ವೆಲ್ಡ್ ಮಾಡಿ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೂರಿಸುವುದನ್ನು ನಾನು ಒಪ್ಪುವುದೇ ಇಲ್ಲ. ಆ ಕೆಳಗಿನ ಕಾಲು ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ. ವೆಲ್ಡಿಂಗ್ ಬಿಸಿಗೆ ಒಳಗಿನ ಕೊಳವೆ ಸೊಟ್ಟಗಾಗಬಹುದು, ಸುತ್ತಲಿನ ಲೋಹ ಮೆತ್ತಗಾಗಬಹುದು. ಬೈಕನ್ನು ನಿಲ್ಲಿಸುವ ಅಷ್ಟೂ ಬಲ ಬೀಳುವುದು ಆ ಬೆಸುಗೆಯ ಮೇಲೆಯೇ. ಅದು ಬಿಟ್ಟುಕೊಂಡರೆ ಕ್ಯಾಲಿಪರ್ ಚಕ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಮುಂದೇನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ದಾರಿ ಬೇರೆ ಇದೆ. ಅದೇ ಬೈಕಿನ ಮುಂದಿನ ವರ್ಷಗಳ ಮಾಡೆಲ್‌ಗೆ ಕಂಪನಿಯೇ ಡಿಸ್ಕ್ ಕೊಟ್ಟಿತ್ತಾ ನೋಡಿ. ಕೊಟ್ಟಿದ್ದರೆ ಫೋರ್ಕ್, ಆಕ್ಸಲ್, ಹಬ್, ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ (ಲಿವರ್ ಎಳೆದಾಗ ಕ್ಯಾಲಿಪರ್‌ಗೆ ಆಯಿಲ್ ತಳ್ಳುವ ಭಾಗ) ಎಲ್ಲವನ್ನೂ ಒಂದೇ ಬೈಕಿನಿಂದ ತನ್ನಿ. ಒಂದೊಂದು ಕಡೆಯಿಂದ ಒಂದೊಂದು ಸಾಮಾನು ತಂದರೆ ವಾಷರ್ ಲೆಕ್ಕ ಹಾಕುವುದರಲ್ಲೇ ತಿಂಗಳುಗಳು ಹೋಗುತ್ತವೆ. ಫೋರ್ಕ್ ಉದ್ದ ಒಂದೇ ಇದೆಯಾ ಅಳೆಯಿರಿ. ಸ್ಪೀಡೋಮೀಟರ್ ಗೇರ್ ಹಳೆಯ ಡ್ರಮ್ ಪ್ಲೇಟಿನೊಳಗೇ ಇರಬಹುದು, ಅದನ್ನು ಮರೆಯಬೇಡಿ. ಲಿವರ್ ಹತ್ತಿರದ ಬ್ರೇಕ್ ಲೈಟ್ ಸ್ವಿಚ್ಚನ್ನೂ ಮರೆಯಬೇಡಿ.

ಜಾಸ್ತಿ ಜನ ಎಡವುವುದು ಮಾಸ್ಟರ್ ಸಿಲಿಂಡರ್‌ನಲ್ಲಿ. ದೊಡ್ಡದು ಹಾಕಿದರೆ ಬ್ರೇಕ್ ಜೋರಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. 12.7 ಮಿಲಿಮೀಟರ್ ಪಿಸ್ಟನ್ ಜಾಗದಲ್ಲಿ 15.9 ಮಿಲಿಮೀಟರ್‌ನದು ಹಾಕಿ ನೋಡಿ. ಅಗಲದಲ್ಲಿ ವ್ಯತ್ಯಾಸ ಮೂರು ಮಿಲಿಮೀಟರ್ ಅಷ್ಟೇ, ಆದರೆ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅಂದರೆ ಕೈ ಅಷ್ಟೇ ಬಲ ಹಾಕಿದರೂ ಕ್ಯಾಲಿಪರ್‌ಗೆ ತಲುಪುವ ಒತ್ತಡ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಲಿವರ್ ಕಲ್ಲಿನ ಹಾಗೆ ಗಟ್ಟಿ, ಬೈಕು ನಿಲ್ಲುವುದಿಲ್ಲ. ಗಟ್ಟಿ ಲಿವರ್ ಅಂದರೆ ಒಳ್ಳೆ ಬ್ರೇಕ್ ಅಲ್ಲ. ತೀರಾ ಚಿಕ್ಕದು ಹಾಕಿದರೆ ಲಿವರ್ ಪೂರ್ತಿ ಎಳೆದರೂ ಆಯಿಲ್ ಸಾಲುವುದಿಲ್ಲ.

ಡಬಲ್ ಡಿಸ್ಕ್ ಆಸೆ ಬೇಡ. ಸಣ್ಣ ಅಗಲದ ಹಳೆ ಟೈರು ರಸ್ತೆಯನ್ನು ಹಿಡಿಯುವುದಕ್ಕೂ ಒಂದು ಮಿತಿ ಇದೆ. ಅದನ್ನು ದಾಟಿದರೆ ಚಕ್ರ ಲಾಕ್ ಆಗುತ್ತದೆ. ಒಂದೇ ಡಿಸ್ಕ್ ಆದರೂ ತೆಳು ಫೋರ್ಕನ್ನು ಒಂದು ಪಕ್ಕಕ್ಕೆ ತಿರುಚುತ್ತದೆ. ಎರಡು ಕಾಲುಗಳನ್ನೂ ಬಿಗಿದು ಹಿಡಿಯುವ ಬ್ರೇಸ್ ಇದ್ದರೆ ಒಳ್ಳೆಯದು.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು ಹಾಕಿದರೆ ಸಾಕು. ಹೊಸದು ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಅದು 155ರ ಹತ್ತಿರಕ್ಕೆ ಇಳಿಯಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸುವುದು. ಟ್ಯಾಂಕಿನ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ. ಹಳೆಯ ರಬ್ಬರ್ ಹೋಸ್ ಅಂತೂ ಮತ್ತೆ ಬಳಸಲೇಬೇಡಿ.

ಬಿಚ್ಚಿದ ಡ್ರಮ್ ಚಕ್ರ, ಫೋರ್ಕ್, ಕೇಬಲ್ ಎಲ್ಲವನ್ನೂ ಎಣ್ಣೆ ಸವರಿ ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ನಾನು ಇಟ್ಟಿದ್ದೇನೆ. ಯಾವುದಕ್ಕೂ ಒಂದು ತೂತು ಕೊರೆದಿಲ್ಲ. ಬೇಕು ಅಂದರೆ ಬೈಕು ಮತ್ತೆ ಮೊದಲಿನ ಹಾಗಾಗುತ್ತದೆ.

ಇನ್ನು ಮೊದಲ ಸವಾರಿ. ಹೊಸ ಪ್ಯಾಡ್ ತಕ್ಷಣ ಪೂರ್ತಿ ಹಿಡಿಯುವುದಿಲ್ಲ. ಖಾಲಿ ಜಾಗದಲ್ಲಿ ನಿಧಾನವಾಗಿ ಹಲವು ಸಲ ಬ್ರೇಕ್ ಹಿಡಿದು ಬಿಡಿ, ನಡುವೆ ತಣ್ಣಗಾಗಲು ಸಮಯ ಕೊಡಿ. ಮನೆಗೆ ಬಂದು ಕ್ಯಾಲಿಪರ್ ಬೋಲ್ಟ್, ಆಕ್ಸಲ್ ನಟ್, ಹೋಸ್ ಜಾಯಿಂಟ್ ಎಲ್ಲವನ್ನೂ ಇನ್ನೊಂದು ಸಲ ನೋಡಿ. ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಲಿವರ್ ಮೊದಲಿನಷ್ಟೇ ಗಟ್ಟಿ ಇದೆಯಾ ಪರೀಕ್ಷಿಸಿ. ಅಲ್ಲಿಯವರೆಗೆ ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ.