ಬಿಲ್ಲಿನ ಇನ್ನೊಂದು ಪ್ರತಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಬಿಲ್ಲಿನ ಬಗ್ಗೆ ಮಾತಾಡೋಣ. ಅಂಗಡಿಯಲ್ಲಿ ಕೊಡ್ತಾರಲ್ಲ, ನಾವು ಓದದೇ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತೀವಲ್ಲ, ಅದೇ ಬಿಲ್ಲು.

ಸುಮಾರು 5,500 ವರ್ಷದ ಹಿಂದೆ, ಈಗಿನ ಇರಾಕ್ ಮತ್ತು ಇರಾನ್ ಕಡೆ, ಉರುಕ್, ಸೂಸಾ ಅಂತ ಊರುಗಳಿದ್ದವು. ಅಲ್ಲಿನವರು ಕುರಿಗೊಂದು, ಎಣ್ಣೆಗೊಂದು, ಕಾಳಿಗೊಂದು ಅಂತ ಬೇರೆ ಬೇರೆ ಆಕಾರದ ಮಣ್ಣಿನ ಸಣ್ಣ ತುಂಡು ಮಾಡಿಟ್ಟುಕೊಳ್ಳುತ್ತಿದ್ದರು. ಹತ್ತು ಕುರಿಯ ಲೆಕ್ಕಕ್ಕೆ ಹತ್ತು ತುಂಡು. ಅವನ್ನು ಹಸಿ ಮಣ್ಣಿನ ಪೊಳ್ಳು ಉಂಡೆಯೊಳಗೆ ಹಾಕಿ, ಬಾಯಿ ಮುಚ್ಚಿ, ಮೇಲೆ ಮುದ್ರೆ ಒತ್ತುತ್ತಿದ್ದರು. ತಕರಾರು ಬಂತು ಅಂದರೆ ಉಂಡೆ ಒಡೆದು ಎಣಿಸಬಹುದು. ಆದರೆ ಒಂದು ಸಲ ಒಡೆದರೆ ಮುಗೀತು, ಮುದ್ರೆಯೂ ಹೋಯ್ತು, ಸಾಕ್ಷಿಯೂ ಹೋಯ್ತು. ಅದಕ್ಕೆ ಒಳಗೆಷ್ಟು ಇದೆ ಅಂತ ಹೊರಗಡೆಯೂ ಗುರುತು ಒತ್ತೋಕೆ ಶುರು ಮಾಡಿದರು. ಹೊರಗೇ ಗೊತ್ತಾಗುತ್ತೆ ಅಂದ ಮೇಲೆ ಒಳಗಿನ ತುಂಡು ಯಾಕೆ ಬೇಕು, ಅಲ್ವಾ? ಉಂಡೆ ಚಪ್ಪಟೆಯಾಗಿ ಮಣ್ಣಿನ ಹಲಗೆ ಆಯಿತು. ಬರವಣಿಗೆ ಹುಟ್ಟಿದ್ದೇ ಈ ಲೆಕ್ಕದಿಂದ ಅಂತ ಡೆನಿಸ್ ಷ್ಮಾಂಟ್-ಬೆಸ್ಸೆರಾಟ್ ಎಂಬ ವಿದ್ವಾಂಸೆ ವಾದಿಸಿದ್ದಾರೆ. ಕವಿಗಳಿಗೆ ಸ್ವಲ್ಪ ಬೇಜಾರಾಗಬಹುದು, ಏನು ಮಾಡೋದು.

ಈ ಉಂಡೆಯಲ್ಲಿ ಎರಡು ಸಂಗತಿ ಗಟ್ಟಿಯಾಗಿದ್ದವು. ಏನು ಸಾಮಾನು, ಎಷ್ಟು ಅನ್ನೋದು ಗೊತ್ತಾಗುತ್ತಿತ್ತು. ಒಬ್ಬನೇ ಗುಟ್ಟಾಗಿ ತಿದ್ದೋಕೆ ಆಗುತ್ತಿರಲಿಲ್ಲ. ಮುಂದೆ ಬಂದ ಲೆಕ್ಕಗಳನ್ನು ನಾನು ಈ ಎರಡರಿಂದಲೇ ಅಳೆಯುತ್ತೇನೆ.

ನಮ್ಮ ಕಡೆಗೆ ಬರೋಣ. ಗದಗದ ಪಕ್ಕದ ಲಕ್ಕುಂಡಿ ಒಂದು ಕಾಲಕ್ಕೆ ನಾಣ್ಯ ಹೊಡೆಯುತ್ತಿದ್ದ ಊರು, ಲೊಕ್ಕಿ ಗದ್ಯಾಣ ಅಂತ ಆ ನಾಣ್ಯಕ್ಕೆ ಶಾಸನಗಳಲ್ಲೇ ಹೆಸರಿದೆ. ಚಾಲುಕ್ಯರ ಕಾಲದ ಶಾಸನ ಓದಿದರೆ ಹೆಜ್ಜುಂಕ, ವಡ್ಡರಾವುಳ ಅಂತ ಸುಂಕದ ಹೆಸರು ಸಿಗುತ್ತವೆ. ಎಲೆ, ಅಡಿಕೆ, ಮೆಣಸಿನ ಹೇರುಗಳ ಮಾತು ಬರುತ್ತೆ. ಅಯ್ಯಾವೊಳೆಯ ಐನೂರ್ವರು ಅನ್ನೋ ದೊಡ್ಡ ವ್ಯಾಪಾರಿ ಸಂಘವೂ ಬರುತ್ತೆ. ಕಲ್ಲಿನ ಮೇಲೆ ಕೊರೆದದ್ದು ದಾನ, ತೆರಿಗೆ ಇಂಥವು. ದಿನದ ವ್ಯಾಪಾರ ಕಲ್ಲಿನ ಮೇಲೆ ಯಾರು ಕೊರೀತಾರೆ?

ಅದಕ್ಕೆ ಕಡತ ಇತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಪದರ ಪದರವಾಗಿ ಮಡಚುತ್ತಿದ್ದರು. ಕಪ್ಪು ಹಾಳೆ, ಬಿಳಿ ಬಳಪ. ಬೇಡವಾದ್ದನ್ನು ಒರೆಸಿ ಮತ್ತೆ ಬಳಿದರೆ ಹೊಸ ಪುಸ್ತಕ. ಖರ್ಚು ಕಡಿಮೆ, ಬಾಳಿಕೆ ಜಾಸ್ತಿ. ಆದರೆ ನೋಡಿ, ಒರೆಸೋ ಅಧಿಕಾರ ಬರೆದವನದ್ದೇ. ಕೊಂಡವನ ಹತ್ತಿರ ಏನೂ ಇಲ್ಲ.

ಆಮೇಲೆ ಕಾಗದದ ರೋಜಕೀರ್ದಿ ಅಂದರೆ ದಿನದ ಲೆಕ್ಕದ ಪುಸ್ತಕ, ಖತಾವಣಿ ಅಂದರೆ ಒಬ್ಬೊಬ್ಬರ ಖಾತೆಯ ಪುಸ್ತಕ ಬಂದವು. ನಮ್ಮ ಭಾಗದ ಎಷ್ಟೋ ಹಳೇ ದಫ್ತರುಗಳು ಮೋಡಿ ಅನ್ನೋ ಹಳೇ ಕೂಡುಬರಹದ ಲಿಪಿಯಲ್ಲಿವೆ, ಇವತ್ತು ಅದನ್ನು ಸಲೀಸಾಗಿ ಓದೋರು ಬಹಳ ಕಡಿಮೆ. ದೀಪಾವಳಿಗೆ ಹುಬ್ಬಳ್ಳಿ ಪೇಟೆಯಲ್ಲಿ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುವುದು ಈಗಲೂ ಇದೆ, ಕೆಲವು ಕಡೆ ಪುಸ್ತಕದ ಪಕ್ಕದಲ್ಲಿ ಕಂಪ್ಯೂಟರಿಗೂ ಒಂದು ಹೂವು. ಪೂಜೆ ಇರಲಿ, ಪುಸ್ತಕ ಮಾತ್ರ ಸಾಹುಕಾರರದ್ದೇ. 'ಸಾಹುಕಾರ್ರ, ಬರಕೊಳ್ರಿ' ಅಂತ ಉದ್ರಿ ತಂದವರಿಗೆ ತಮ್ಮ ಬಾಕಿ ಎಷ್ಟು ಅನ್ನೋದು ಸಾಹುಕಾರರು ಹೇಳಿದಾಗಲೇ ಗೊತ್ತಾಗೋದು. ನನ್ನ ಕೇಳಿದರೆ, ಕಿರಾಣಿ ಅಂಗಡಿಯ ಆ ಪುಟ್ಟ ಉದ್ರಿ ಬುಕ್ಕು, ಗಿರಾಕಿ ಮನೇಲೇ ಇಟ್ಟುಕೊಂಡು ಪ್ರತಿ ಸಲ ತಂದು ಬರೆಸಿಕೊಂಡು ಹೋಗ್ತಾರಲ್ಲ, ಅದು ದೊಡ್ಡ ದೊಡ್ಡ ಖತಾವಣಿಗಿಂತ ನ್ಯಾಯವಾದ ದಾಖಲೆ.

ಕೊಂಡವರ ಕೈಗೂ ಸುಲಭವಾಗಿ ಪ್ರತಿ ಬರೋ ಹಾಗೆ ಮಾಡಿದ್ದು ಕಾರ್ಬನ್ ಹಾಳೆ. ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ 1806ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಒಂದೇ ಸಲ ಬರೆದರೆ ಎರಡು ಪ್ರತಿ, ಒಂದು ನಿಮಗೆ, ಒಂದು ಅಂಗಡಿಗೆ. ಮುದ್ರಣಕ್ಕೆ ಹೆಸರಾದ ಗದಗದಂಥ ಊರಿನ ಪ್ರೆಸ್ಸುಗಳಿಗೆ ಬಿಲ್ ಬುಕ್ ಅಂದರೆ ನಿತ್ಯದ ಕೆಲಸ. ಮೇಲೆ ದೇವರ ಹೆಸರು, ಕೆಳಗೆ ಅಂಗಡಿ ಹೆಸರು, ಮೂಲೆಯಲ್ಲಿ ಕೆಂಪು ಶಾಯಿಯ ಕ್ರಮಸಂಖ್ಯೆ, ಬಿಳಿ ಹಾಳೆ ಹಿಂದೆ ಒಂದು ಗುಲಾಬಿ ಹಾಳೆ. ಆ ಕೆಂಪು ನಂಬರೇ ಕಾವಲು. ಮಧ್ಯದ ಒಂದು ಹಾಳೆ ಹರಿದರೂ ಗೊತ್ತಾಗುತ್ತೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಮಾರುವವರು, ಕೊಳ್ಳುವವರ ಜೊತೆಗೆ ಸರ್ಕಾರವೂ ಬಿಲ್ಲಿನೊಳಗೆ ಬಂದು ಕೂತಿತು. ಬಿಲ್ಲಿನ ನಂಬರು 16 ಅಕ್ಷರ ಮೀರಬಾರದು, ಒಂದೇ ವರ್ಷದಲ್ಲಿ ಎರಡು ಸಲ ಬರಬಾರದು. ಸಾಮಾನಿನ ಬಿಲ್ಲಿಗೆ ಮೂರು ಪ್ರತಿ, ಕೊಂಡವರಿಗೆ, ಲಾರಿಯವರಿಗೆ, ಮಾರಿದವರಿಗೆ. ವರ್ಷಕ್ಕೆ 5 ಕೋಟಿ ದಾಟಿದ ವಹಿವಾಟಿನವರು 2023ರ ಆಗಸ್ಟ್‌ನಿಂದ ಇನ್ನೊಬ್ಬ ವ್ಯಾಪಾರಿಗೆ ಬಿಲ್ ಮಾಡಿದರೆ ಅದನ್ನು ಮೊದಲು ಸರ್ಕಾರದ ಪೋರ್ಟಲಿಗೆ ಕಳಿಸಬೇಕು. ಅಲ್ಲಿಂದ 64 ಅಕ್ಷರದ ಒಂದು ಸಂಖ್ಯೆ, ಒಂದು ಕ್ಯೂಆರ್ ಕೋಡ್ ಬರುತ್ತೆ. ಆಮೇಲೆ ಒಂದಂಕಿ ತಿದ್ದಿದರೂ ಹೊಂದಾಣಿಕೆ ಆಗಲ್ಲ. ಉಂಡೆಯ ಮೇಲಿನ ಮುದ್ರೆಯ ಕೆಲಸವೇ ಇದು.

ಅಂದರೆ ಎಲ್ಲ ಸರಿಹೋಯ್ತಾ? ಇಲ್ಲ ನೋಡ್ರಿ.

ಅಂಗಡಿ ಮುಂದಿನ ಯುಪಿಐ ಡಬ್ಬಿ 'ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ' ಅಂತ ಕೂಗುತ್ತೆ. ಏನಕ್ಕೆ ನಲವತ್ತು ಅಂತ ಅದಕ್ಕೆ ಗೊತ್ತಿಲ್ಲ. 2025ರ ಜುಲೈನಲ್ಲಿ ಯುಪಿಐ ಮೊತ್ತ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದವಲ್ಲ, ನಮ್ಮ ಹಾವೇರಿಯಲ್ಲಿ ತರಕಾರಿ ಮಾರುವವರಿಗೂ ಬಂದಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಮೊತ್ತ ದಾಖಲಾಗಿತ್ತು, ಬದನೆಕಾಯಿ ದಾಖಲಾಗಿರಲಿಲ್ಲ. ಆಮೇಲೆ ಸರ್ಕಾರ ಹಳೇ ಬಾಕಿ ಕೇಳೋದಿಲ್ಲ ಅಂದಿತು, ಆದರೆ ಅಷ್ಟರಲ್ಲಿ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ಯುಪಿಐ ಇಲ್ಲ' ಅಂತ ಬೋರ್ಡು ಬಿದ್ದಿತ್ತು.

ಇನ್ನು ರೈತರ ವಿಷಯ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಲಾಟ್ ನಂಬರು ಬೀಳುತ್ತೆ, ಟೆಂಡರು ಕಂಪ್ಯೂಟರಿನಲ್ಲಿ ನಡೆಯುತ್ತೆ, ಒಳ್ಳೇದೇ. ಆದರೂ ಮಾರುಕಟ್ಟೆಗಳಲ್ಲಿ ಬಿಳಿ ಚೀಟಿ ಅನ್ನೋ ಮಾತು ಇನ್ನೂ ಸತ್ತಿಲ್ಲ. ನಮ್ಮ ರಾಜ್ಯದ ಕಾಯ್ದೆ ಪ್ರಕಾರ ದಲಾಲಿ ಕೊಡಬೇಕಾದ್ದು ಖರೀದಿದಾರ. ಅದನ್ನು ರೈತನ ಪಟ್ಟಿಯಲ್ಲೇ, ಅಂದರೆ ಅವನ ಮಾಲಿನ ಮಾರಾಟದ ಬಿಲ್ಲಿನಲ್ಲೇ, ಮುರಿದುಕೊಳ್ಳಬೇಕು ಅಂದಾಗ ನಂಬರಿಲ್ಲದ, ಸಹಿಯಿಲ್ಲದ ಬಿಳಿ ಹಾಳೆ ಹೊರಗೆ ಬರುತ್ತೆ. ಇಷ್ಟು ಯಂತ್ರ ಬಂದ ಮೇಲೂ ಪೆನ್ನು, ಹರಕು ಹಾಳೆ ಸಾಕಾಗುತ್ತೆ, ಯಾಕಂದರೆ ಯಾರೂ ಕೇಳಲ್ಲ.

ಹಾಗಾಗಿ ಸೀಸನ್ನಿಗೆ ಮಾಲು ಒಯ್ಯುವವರು ಪಟ್ಟಿಯಲ್ಲಿ ಇಷ್ಟು ನೋಡಿಕೊಳ್ಳಿ: ಲಾಟ್ ನಂಬರು, ಚೀಲದ ತೂಕ ಕಳೆದು ಉಳಿದ ನಿಕ್ಕಿ ತೂಕ, ಟೆಂಡರಿನಲ್ಲಿ ಬಂದ ದರ, ಆಮೇಲೆ ಯಾವ್ಯಾವ ಹೆಸರಲ್ಲಿ ಎಷ್ಟೆಷ್ಟು ಮುರಿದಿದ್ದಾರೆ ಅನ್ನೋದು. ದಲಾಲಿ ಅಂತ ಬರೆದಿದ್ದರೆ ಅಲ್ಲೇ ಕೇಳಿ. ಬಿಳಿ ಚೀಟಿ ಕೊಟ್ಟರೆ ಬೇಡ ಅನ್ನಿ, ನಂಬರಿದ್ದ ಪಟ್ಟಿ ಕೊಡಿ ಅನ್ನಿ, ಕೊಡದಿದ್ದರೆ ಯಾರ್ಡಿನಲ್ಲೇ ಎಪಿಎಂಸಿ ಕಚೇರಿ ಇರುತ್ತೆ. ಪಟ್ಟಿ ಪ್ರಿಂಟರಿನ ನುಣುಪು ಹಾಳೆಯದ್ದಾಗಿದ್ದರೆ ಮನೆ ಮುಟ್ಟಿದ ಕೂಡಲೇ ಜೆರಾಕ್ಸ್ ಮಾಡಿಸಿ. ಬಿಸಿಲಿಗೆ ಆ ಅಕ್ಷರ ಮುಂದಿನ ಸುಗ್ಗಿ ತನಕ ಉಳಿಯೋದಿಲ್ಲ. ನಮಸ್ಕಾರ.