ಕ್ಯಾಮೆರಾ ಸಾಲದು, ಮುಟ್ಟಿ ನೋಡಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ರೋಬಾಟ್ ಅಂದ ಕೂಡಲೇ ಕಾರ್ ಕಾರ್ಖಾನೆಯ ಆ ದೊಡ್ಡ ತೋಳು ನೆನಪಾಗುತ್ತದೆ, ಅಲ್ವಾ? ದಿನವಿಡೀ ಒಂದೇ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೋಗಿ ಬರುತ್ತದೆ. ಅಲ್ಲಿ ಎಲ್ಲವನ್ನೂ ಮೊದಲೇ ಜಾಗದಲ್ಲಿ ಬಿಗಿದು ಇಟ್ಟಿರುತ್ತಾರೆ. ಅದೇ ತೋಳನ್ನು ನಿಮ್ಮ ಅಡುಗೆಕಟ್ಟೆ ಮುಂದೆ ನಿಲ್ಲಿಸಿ ನೋಡಿ. ಲೋಟ ನಿನ್ನೆ ಇದ್ದ ಕಡೆ ಇವತ್ತಿಲ್ಲ. ಬಟ್ಟಲು ಒದ್ದೆ. ಸ್ಟೀಲ್ ಪಾತ್ರೆ ಹೊಳೆಯುವುದರಿಂದ ಕ್ಯಾಮೆರಾಗೆ ಅದರ ಅಂಚೇ ಸರಿಯಾಗಿ ಸಿಗುವುದಿಲ್ಲ.

"ಇನ್ನೂ ಒಳ್ಳೆ ಕ್ಯಾಮೆರಾ ಹಾಕಿ ಸಾರ್" ಅಂತ ಹೋದಲ್ಲೆಲ್ಲ ಹೇಳುತ್ತಾರೆ. ಸಾಲದು! ಮುಟ್ಟಬೇಕು. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು.

ಹಿಂದೆ ನಾವು ಒಂದು ತೋಳಿಗೆ ಬಾಟಲಿ ಮುಚ್ಚಳ ಹಾಕುವುದನ್ನು ಕಲಿಸುತ್ತಿದ್ದೆವು. ಕ್ಯಾಮೆರಾ ಬಾಟಲಿ ನೋಡುತ್ತದೆ, ಲೆಕ್ಕ ಹಾಕುತ್ತದೆ, ತೋಳು ನೇರ ಹೋಗಿ ಮುಚ್ಚಳ ಇಟ್ಟು ತಿರುಗಿಸುತ್ತದೆ. ಲೆಕ್ಕ ಒಂದೆರಡು ಮಿಲಿಮೀಟರ್ ತಪ್ಪಿದರೂ ಮುಚ್ಚಳ ಓರೆಯಾಗಿ ಕೂತು ಕಚ್ಚಿಕೊಳ್ಳುತ್ತಿತ್ತು. ವಾರಗಟ್ಟಲೆ ಇದೇ ಕಥೆ. ಒಂದು ಭಾನುವಾರ ಮನೆಯಲ್ಲಿ ಅಮ್ಮ ಉಪ್ಪಿನಕಾಯಿ ಬಾಟಲಿ ಮುಚ್ಚುತ್ತಿದ್ದರು. ಕಣ್ಣು ಒಲೆ ಮೇಲಿನ ಹಾಲಿನ ಕಡೆ, ಮಾತು ನನ್ನ ಜೊತೆ, ಕೈ ಮಾತ್ರ ಬಾಟಲಿ ಮೇಲೆ. ಮುಚ್ಚಳ ಇಟ್ಟು ಮೆತ್ತಗೆ ಒತ್ತಿ ಮೊದಲು ಹಿಂದಕ್ಕೆ ತಿರುಗಿಸಿದರು, ಹಿಂದಕ್ಕೆ! ಟಕ್ ಅಂತು. ಆಮೇಲೆ ಮುಂದಕ್ಕೆ ತಿರುಗಿಸಿದರೆ ಬೆಣ್ಣೆಯ ಹಾಗೆ ಕೂತಿತು. ನಾನು ಬಾಟಲಿ ಇಸಿದುಕೊಂಡು ಹತ್ತು ಸಲ ತೆಗೆದು ಮುಚ್ಚಿದೆ. ಹಿಂದಕ್ಕೆ ತಿರುಗಿಸುತ್ತಾ ಹೋದರೆ ಮುಚ್ಚಳದ ಥ್ರೆಡ್ಡಿನ (ಅದೇ, ಸುರುಳಿಯಾಗಿ ಉಬ್ಬಿರುವ ಗೆರೆ) ತುದಿ ಬಾಟಲಿಯ ಥ್ರೆಡ್ಡಿನ ತುದಿ ದಾಟಿ ಕೆಳಗೆ ಬೀಳುತ್ತದೆ, ಆ ಟಕ್ ಅದೇ. ಮುಚ್ಚಳವನ್ನು ಮೊದಲು ಯಾವ ಕಡೆಗೆ ತಿರುಗಿಸಿ ಇಟ್ಟಿದ್ದರೂ ಚಿಂತೆಯಿಲ್ಲ, ಟಕ್ ಅಂದ ಮೇಲೆ ಅದು ಎಲ್ಲಿದೆ ಅಂತ ಬೆರಳಿಗೆ ಗೊತ್ತು. ಸೋಮವಾರ ತೋಳಿನ ಮಣಿಕಟ್ಟನ್ನು ಸ್ವಲ್ಪ ಸಡಿಲ ಮಾಡಿ, ಒತ್ತಡ ಅಳೆಯುವ ಸೆನ್ಸರ್‌ಗೆ ಆ ಟಕ್ ಗುರುತಿಸಲು ಹೇಳಿ, ಇದನ್ನೇ ಮಾಡಿಸಿದೆವು. ಕೂತಿತು.

ಸಮಯ ಜಾಸ್ತಿ ಇಲ್ಲ, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಡ್ಡ ಬಂದದ್ದನ್ನು ತಪ್ಪಿಸಿ ದಾರಿ ಹುಡುಕುವುದು ಹಳೆಯ ವಿದ್ಯೆ. ಅಮೆರಿಕದಲ್ಲಿ ಶೇಕಿ ಅನ್ನುವ ರೋಬಾಟ್ ಮಾಡುತ್ತಿದ್ದವರು 1968ರಲ್ಲೇ 'ಎ-ಸ್ಟಾರ್' ಅನ್ನುವ ಲೆಕ್ಕ ಕೊಟ್ಟರು. ಇವತ್ತಿಗೂ ಅದು ಬಳಕೆಯಲ್ಲಿದೆ. ಕಷ್ಟ ಇರುವುದು ದಾರಿ ಮುಗಿದು ಕೈ ವಸ್ತುವನ್ನು ತಾಕುವ ಆ ಕೊನೆಯ ಒಂದು ಅಂಗುಲದಲ್ಲಿ. 2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ರೋಬಾಟ್ ಟವೆಲ್ ಮಡಿಸಿತು, ಒಂದೊಂದಕ್ಕೆ ಸುಮಾರು 25 ನಿಮಿಷ. ಟವೆಲನ್ನು ಎತ್ತಿ ಹಿಡಿದು, ತಿರುತಿರುಗಿಸಿ, ಕಣ್ಣಿನಿಂದಲೇ ಮೂಲೆ ಹುಡುಕುವುದಕ್ಕೆ ಅಷ್ಟು ಹೊತ್ತು. 2015ರಲ್ಲಿ ಸಿಯಾಟಲ್‌ನಲ್ಲಿ ಅಮೆಜಾನ್ ಒಂದು ಸ್ಪರ್ಧೆ ಇಟ್ಟಿತು. ಕಪಾಟಿನಿಂದ 20 ನಿಮಿಷದಲ್ಲಿ 12 ಸಾಮಾನು ತೆಗೆಯಬೇಕು. ಗೆದ್ದದ್ದು ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ. ಅವರ ರೋಬಾಟ್‌ಗೆ ಬೆರಳಿನ ಬದಲು ವ್ಯಾಕ್ಯೂಮ್ ಕ್ಲೀನರ್ ಕೊಳವೆ! ಕಪಾಟಿನ ಗೋಡೆ ತಾಕಿದರೆ ಹೆದರಲಿಲ್ಲ, ಆ ತಾಕುವುದನ್ನೇ ಆಸರೆ ಮಾಡಿಕೊಂಡು ಸಾಮಾನು ಹಿಡಿದರು.

ರೇಡಿಯೊ ಪಕ್ಕದಲ್ಲೇ ಬಾಟಲಿ ಇದ್ದರೆ ಈಗಲೇ ಕಣ್ಣು ಮುಚ್ಚಿ ಮುಚ್ಚಳ ಹಿಂದಕ್ಕೆ ತಿರುಗಿಸಿ ನೋಡಿ. ಟಕ್ ಅನ್ನುವವರೆಗೆ ಬಿಡಬೇಡಿ. ನಮಸ್ಕಾರ.